ಮಂಜುಗಡ್ಡೆಯ ಮೇಲೆ ಕಾಲಿಡುವ ಮೊದಲು

ಇಳಕಲ್ಲ
ಫೆಬ್ರುವರಿ, ಗುರುವಾರ ರಾತ್ರಿ

ಚಿ. ಭಾಗ್ಯಶ್ರೀಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಜೋಳದ ಸುಗ್ಗಿ ನಡೆದಿದೆ, ಆಳುಗಳು ಸಿಗುತ್ತಿಲ್ಲ. ಆಯಿಗೆ ಎಡಗಣ್ಣು ಮಂಜಾಗಿದೆ, ಆ ವಿಷಯ ಕೊನೆಗೆ ಬರೆಯುತ್ತೇನೆ.

ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹೋಗುತ್ತೇನೆಂದು ನೀನು, ಹೋಗಬೇಡವೆಂದು ನಾನು, ಭಾನುವಾರ ಫೋನಿನಲ್ಲಿ ನಾವಿಬ್ಬರು ಆಡಿದ ಮಾತುಗಳನ್ನು ಮತ್ತೆ ಇಲ್ಲಿ ತರುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಒಂದೇ ಮಾತು ನನ್ನನ್ನು ಬಿಟ್ಟು ಹೋಗುತ್ತಿಲ್ಲ. "ಅಪ್ಪಾ, ಹೆಪ್ಪುಗಟ್ಟಿದ ಕೆರೆಯನ್ನು ನೀವು ಕಣ್ಣಿನಿಂದ ನೋಡಿಯೇ ಇಲ್ಲ, ನಿಮಗೆ ಹೇಗೆ ತಿಳಿಯಬೇಕು?" ಎಂದೆ. ನೋಡಿಲ್ಲ, ಅದು ನಿಜ. ಅದಕ್ಕಾಗಿ ಈ ವಾರ ಫ್ಯಾಕ್ಟರಿಯಿಂದ ಬಂದ ಮೇಲೆ ಅದನ್ನೇ ಓದುತ್ತಿದ್ದೇನೆ. ಬಸು ಮೊಬೈಲ್‌ನಲ್ಲಿ ಹುಡುಕಿ ಕೊಡುತ್ತಾನೆ, ತಿಳಿಯದ ಇಂಗ್ಲಿಷಿಗೆ ಅರ್ಥ ಹೇಳುತ್ತಾನೆ. ಓದಿದ್ದರಿಂದ ಹೆದರಿಕೆ ಹೋಗಿಲ್ಲ. ಯಾವುದಕ್ಕೆ ಹೆದರಬೇಕೆಂಬುದು ಮಾತ್ರ ಈಗ ಸರಿಯಾಗಿ ಗೊತ್ತಾಗಿದೆ.

ಮೊದಲು ಕಲ್ಲಿನ ಮಾತು ಬರೆಯುತ್ತೇನೆ, ಏಕೆಂದರೆ ಅಲ್ಲಿ ನಮ್ಮಿಬ್ಬರಿಗೆ ಜಗಳವಿಲ್ಲ. ಮಾರ್ಚಿನಲ್ಲಿ ನೀನು ಸ್ವೀಡನ್ನಿನ ಬ್ರುನ್‌ಫ್ಲೋ ಊರಿನ ಖಣಿಯನ್ನು ನೋಡಲು ಹೋಗುತ್ತೀಯೆಂದು ಕೇಳಿ ನನಗೆ ಆದ ಸಂತೋಷವನ್ನು ಫೋನಿನಲ್ಲಿ ಹೇಳಲು ನೀನು ಅವಕಾಶ ಕೊಡಲಿಲ್ಲ, ನಾನೂ ತೆಗೆದುಕೊಳ್ಳಲಿಲ್ಲ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ರಜೆಗೆ ಬಂದವಳು ನಮ್ಮ ಫ್ಯಾಕ್ಟರಿಯ ಹಿಂದೆ ಒಡಕು ಸ್ಲ್ಯಾಬ್‌ಗಳ ರಾಶಿಯ ಮೇಲೆ ಕುಳಿತು ಆ ಊರಿನ ಕಥೆ ಹೇಳಿದ್ದೆ. 1952ರಲ್ಲಿ ಅಲ್ಲಿನ ಸುಣ್ಣಕಲ್ಲಿನ ಹಾಸಿನೊಳಗೆ ಹೊಂದಿಕೆಯಾಗದ ಒಂದು ತುಂಡು ಸಿಕ್ಕಿತು. ಅದು ಆಕಾಶದಿಂದ ಬಿದ್ದ ಕಾಂಡ್ರೈಟ್ ಜಾತಿಯ ಉಲ್ಕಾಶಿಲೆ ಎಂದು ವಿಜ್ಞಾನಿಗಳು ಪ್ರಕಟಿಸಿದ್ದು 1981ರಲ್ಲಿ. ಸುಮಾರು ಮೂವತ್ತು ವರ್ಷ ಆ ಕಲ್ಲು ಇನ್ನೇನೋ ಎಂದುಕೊಂಡೇ ಇತ್ತು. ಅದನ್ನು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ನನ್ನ ಜೀವನವೆಲ್ಲ ಕಲ್ಲು ಕೊಯ್ಯುವುದರಲ್ಲಿ ಹೋಗಿದೆ. ಕಪ್ಪು ಮಚ್ಚೆ ಇರುವ ಬ್ಲಾಕ್ ಬಂದರೆ ಖರೀದಿದಾರ ಮುಖ ತಿರುಗಿಸುತ್ತಾನೆ. ಎಷ್ಟು ಮಚ್ಚೆಗಳನ್ನು ಕಟರ್‌ಗೆ ಕೊಟ್ಟು ಅಂಚಿಗೆ ತೆಗೆದು ಎಸೆದಿದ್ದೇನೋ ಎಂದು ಮರುದಿನ ಬೆಳಿಗ್ಗೆ ನಿನ್ನನ್ನು ಎಬ್ಬಿಸಿ ಕೇಳಿದೆ. ಆಗ ನೀನು ಬೇಸರಿಸದೆ ತಿಳಿಸಿ ಹೇಳಿದೆ. ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟ್ ನೆಲದ ಆಳದಲ್ಲಿ ಕರಗಿ ಮತ್ತೆ ಗಟ್ಟಿಯಾದ ಕಲ್ಲು, ಅದರ ಮಚ್ಚೆಯೂ ಅಲ್ಲಿಯದೇ. ಮೇಲಿನಿಂದ ಬಿದ್ದದ್ದು ಉಳಿಯಬೇಕಾದರೆ ಸಮುದ್ರದ ತಳದ ಕೆಸರು ಬೇಕು, ಆ ಕೆಸರು ಮುಂದೆ ಸುಣ್ಣಕಲ್ಲಾಗಬೇಕು. ನಮ್ಮ ಜಿಲ್ಲೆಯಲ್ಲಿಯೂ ಕಲಾದಗಿ ಕಡೆ ಸುಣ್ಣಕಲ್ಲಿದೆ, ಆದರೆ ಅದು ನೂರು ಕೋಟಿ ವರ್ಷಗಳಿಗೂ ಹಿಂದಿನದು, ನೀನು ಓದುವ ಕಾಲ ಅದಲ್ಲ ಎಂದೆ.

ನಿನ್ನ ಕಾಲ ನನಗೆ ಬಾಯಿಪಾಠವಾಗಿದೆ. ಸುಮಾರು 46 ಕೋಟಿ 60 ಲಕ್ಷ ವರ್ಷಗಳ ಹಿಂದೆ ಮಂಗಳ ಮತ್ತು ಗುರು ಗ್ರಹಗಳ ನಡುವೆ ಒಂದು ದೊಡ್ಡ ಕ್ಷುದ್ರಗ್ರಹ ಒಡೆಯಿತು. ಅದರ ಚೂರುಗಳು ಭೂಮಿಯ ಮೇಲೆ ಬಹಳ ಕಾಲ ಸುರಿದವು. ಸ್ವೀಡನ್ನಿನ ಕಿನ್ನೆಕುಲ್ಲೆ ಬೆಟ್ಟದ ಥಾರ್ಸ್‌ಬರ್ಗ್ ಖಣಿಯಲ್ಲಿ, ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್‌ನಂತೆ ಕೂಡಿದ ಸುಣ್ಣಕಲ್ಲಿನ ಪದರಗಳಿಂದ ನೂರಕ್ಕೂ ಹೆಚ್ಚು ಉಲ್ಕಾಶಿಲೆಗಳು ಸಿಕ್ಕಿವೆ. ಒಂದನ್ನು ಬಿಟ್ಟು ಉಳಿದವೆಲ್ಲ ಎಲ್ ಗುಂಪಿನ ಕಾಂಡ್ರೈಟ್‌ಗಳು, ಅಂದರೆ ಆ ಒಡೆದ ಕ್ಷುದ್ರಗ್ರಹದ ಚೂರುಗಳು. 2015ರಲ್ಲಿ ಅಸ್ಸಾಮಿನ ಕಾಮರ್‌ಗಾಂವ್‌ನಲ್ಲಿ ಬಿದ್ದದ್ದೂ ಅದೇ ಗುಂಪಿನದು ಎಂದು ನೀನು ಹೇಳಿದಾಗ ನನಗೆ ಮೈ ಜುಮ್ಮೆಂದಿತು, ಅಷ್ಟು ಹಳೆಯ ಒಡಕಿನ ಚೂರುಗಳು ಇನ್ನೂ ಬೀಳುತ್ತಿವೆಯಲ್ಲ ಎಂದು. ಆ ಒಂದು ಬೇರೆಯದು, 2011ರಲ್ಲಿ ಸಿಕ್ಕದ್ದು, ಇಂದು ಭೂಮಿಗೆ ಬೀಳುವ ಯಾವ ಕಲ್ಲಿನ ಜಾತಿಗೂ ಸೇರುವುದಿಲ್ಲವಂತೆ.

ಇದನ್ನೆಲ್ಲ ನಾನು ಊರಿನಲ್ಲಿ ಹೇಳುತ್ತೇನೆ. ಮಠದ ಮುಂದೆ, ಚಹಾದ ಅಂಗಡಿಯಲ್ಲಿ, ಲಾರಿ ಲೋಡ್ ಆಗುವಾಗ. ಎಲ್ಲರಿಗೂ ಹೇಳುವಾಗ ಒಂದು ಮಾತು ತಪ್ಪದೆ ಸೇರಿಸುತ್ತೇನೆ: ಆ ಕಲ್ಲುಗಳು ಮೊದಲು ಕಣ್ಣಿಗೆ ಬಿದ್ದದ್ದು ಖಣಿಯ ಕೆಲಸಗಾರರಿಗೆ. ಬಣ್ಣ ಕೆಡಿಸುತ್ತವೆಂದು ಮೊದಲು ಎಸೆಯುತ್ತಿದ್ದರು, ಬೆಲೆ ತಿಳಿದ ಮೇಲೆ ಅದೇ ಕೈಗಳು ಎತ್ತಿಟ್ಟವು. ಕೊಯ್ಯುವವನ ಕಣ್ಣು ಇಲ್ಲದೆ ಯಾವ ಪ್ರೊಫೆಸರರಿಗೂ ಅವು ಸಿಗುತ್ತಿರಲಿಲ್ಲ. ನೀನು ನಿನ್ನ ಪ್ರಬಂಧ ಬರೆಯುವಾಗ ಅವರನ್ನು ನೆನೆಯಬೇಕು. ನೀನು ಕಲ್ಲು ಕೊಯ್ಯುವವನ ಮಗಳು.

ನೀನು ಲ್ಯಾಬಿನಲ್ಲಿ ಸುಣ್ಣಕಲ್ಲನ್ನು ಆ್ಯಸಿಡ್‌ನಲ್ಲಿ ಕರಗಿಸಿ, ಉಲ್ಕಾಶಿಲೆಗಳಿಂದ ಬಂದು ಕರಗದೆ ಉಳಿಯುವ ಕ್ರೋಮೈಟ್ ಎಂಬ ಖನಿಜದ ಕಣಗಳನ್ನು ತೆಗೆಯುತ್ತೀ. ಹೈಡ್ರೋಫ್ಲೋರಿಕ್ ಆ್ಯಸಿಡ್ ಎಂದರೆ ಎಲುಬಿನವರೆಗೆ ಇಳಿಯುತ್ತದೆ ಎಂದು ಬಸು ಓದಿದ. ಕೈಗವಸು ಹಾಕಿಕೋ. ಅಷ್ಟೇ ಹೇಳುತ್ತೇನೆ, ಅದು ನಿನ್ನ ವಿದ್ಯೆ, ಅಲ್ಲಿ ನಿನಗೆ ಗುರುಗಳಿದ್ದಾರೆ.

ಈಗ ಮೀನಿನ ಮಾತು. ಬ್ರುನ್‌ಫ್ಲೋ ಮುಗಿಸಿಕೊಂಡು ಗೆಳೆಯರ ಜೊತೆ ಬೆಟ್ಟದ ಮೇಲಿನ ಕೆರೆಗೆ ಹೋಗಿ, ಮಂಜುಗಡ್ಡೆಗೆ ಬೈರಿಗೆಯಿಂದ ತೂತು ಕೊರೆದು ಆರ್ಕ್ಟಿಕ್ ಚಾರ್ ಹಿಡಿಯುತ್ತೇವೆ ಎಂದೆಯಲ್ಲ. ಕಳೆದ ವರ್ಷ ಅಲ್ಲಿಗೆ ಹೋಗಿದ್ದ ಗೆಳತಿಯ ಫೋಟೋವನ್ನೂ ಕಳಿಸಿದೆ. ಹಿಮಸಾರಂಗದ ಚರ್ಮದ ಮೇಲೆ ಬೋರಲಾಗಿ ಮಲಗಿ ತೂತಿನೊಳಗೆ ಇಣುಕುತ್ತಿದ್ದಾಳೆ, ಪಕ್ಕದಲ್ಲಿ ಕೆಂಪು ಹೊಟ್ಟೆಯ ಮೀನು ಬಿದ್ದಿದೆ, ರೆಕ್ಕೆಗಳ ಅಂಚಿಗೆ ಬಿಳಿ ಗೆರೆ. ನಿನ್ನ ಅವ್ವ ಆ ಫೋಟೋ ನೋಡಿ ಒಳಗೆ ಹೋದಳು. ಲಿಂಗ ಕಟ್ಟಿಕೊಂಡವರ ಮನೆ, ಅವಳಿಗೆ ನೋವಾಗಿದೆ. ಅವಳ ಜೊತೆ ನೀನೇ ಮಾತನಾಡಬೇಕು, ನಡುವೆ ನಾನು ಬರುವುದಿಲ್ಲ. ನನ್ನ ಮಟ್ಟಿಗೆ, ಆ ಮೀನಿನ ಬಗ್ಗೆ ಓದಿ ನನಗೆ ಅದರ ಮೇಲೆ ಗೌರವ ಬಂದಿದೆ. ಸಿಹಿನೀರಿನ ಮೀನುಗಳಲ್ಲಿ ಅದಕ್ಕಿಂತ ಉತ್ತರದಲ್ಲಿ ಬಾಳುವ ಮೀನು ಇಲ್ಲವಂತೆ. ಹಿಮಯುಗದ ಕೊನೆಯಲ್ಲಿ ಮಂಜು ಕರಗುತ್ತ ಹಿಂದೆ ಸರಿದಾಗ ಅದು ನೀರಿನ ಹಿಂದೆಯೇ ಹೋಗಿ ಬೆಟ್ಟದ ಕೆರೆಗಳಲ್ಲಿ ಉಳಿದುಕೊಂಡಿತು. ತಣ್ಣೀರಿನಲ್ಲಿ ಪ್ರಾಣವಾಯು ಹೆಚ್ಚು ಕರಗಿರುತ್ತದೆ, ಅದಕ್ಕೆ ಅದು ಬೇಕು. ನಮ್ಮ ಕೃಷ್ಣೆಯ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ಬಿಟ್ಟರೆ ಉಳಿಯಲಾರದು. ಮೇಲೆ ಅಷ್ಟು ದಪ್ಪ ಮಂಜುಗಡ್ಡೆ ಇದ್ದರೂ ಅದು ಸಾಯದಿರುವುದು ಏಕೆಂದೂ ತಿಳಿದುಕೊಂಡೆ. ನೀರು ನಾಲ್ಕು ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ, ಆದ್ದರಿಂದ ಆ ನೀರು ತಳಕ್ಕೆ ಇಳಿಯುತ್ತದೆ, ಮಂಜುಗಡ್ಡೆ ತೇಲುತ್ತದೆ, ನಡುವೆ ಮೀನಿಗೆ ಜಾಗ ಉಳಿಯುತ್ತದೆ.

ಮೀನಿಗೆ ಉಳಿಯುತ್ತದೆ, ಮನುಷ್ಯನಿಗೆ ಉಳಿಯುವುದಿಲ್ಲ.

ಭಾಗ್ಯಾ, ನನ್ನ ಹೆದರಿಕೆ ಎಲ್ಲಿಂದ ಬಂತೆಂದು ನಿನಗೆ ಹೇಳಬೇಕು. ನೀನು ಎರಡನೆಯ ತರಗತಿಯಲ್ಲಿದ್ದಾಗ ಹಳೆಯ ಖಣಿಯಲ್ಲಿ ಒಬ್ಬ ಹುಡುಗ ಮುಳುಗಿದ್ದು ನಿನಗೆ ಗೊತ್ತು. ಊರಿಗೆಲ್ಲ ಗೊತ್ತು. ನಾನು ಅಲ್ಲಿದ್ದೆ ಎಂಬುದು ನಿನ್ನ ಅವ್ವನಿಗೆ ಮಾತ್ರ ಗೊತ್ತು.

ಆಗ ನಾನು ಬೇರೆಯವರ ಖಣಿಯಲ್ಲಿ ಲೋಡಿಂಗ್ ನೋಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೆಲಸ ನಿಲ್ಲಿಸಿದ್ದ ಖಣಿ ಇತ್ತು. ಗ್ರಾನೈಟ್ ಖಣಿ ಹೇಗಿರುತ್ತದೆಂದು ನೀನು ನೋಡಿದ್ದೀ, ಗೋಡೆಗಳು ನೆಟ್ಟಗೆ ಕೊಯ್ದಂತೆ ಇಳಿಯುತ್ತವೆ, ಹಿಡಿಯಲು ಒಂದು ಬೇರಿಲ್ಲ, ಕಾಲಿಡಲು ಒಂದು ಸಂದಿಲ್ಲ. ಆ ವರ್ಷ ಒಳ್ಳೆಯ ಮಳೆಯಾಗಿತ್ತು, ಖಣಿ ಅಂಚಿನವರೆಗೆ ತುಂಬಿತ್ತು. ಮೇಲೆ ಅಂತರಗಂಗೆ ಬೆಳೆದು ಒಂದು ಅಂಗೈಯಷ್ಟು ನೀರೂ ಕಾಣುತ್ತಿರಲಿಲ್ಲ. ದೂರದಿಂದ ನೋಡಿದರೆ ಹಸಿರು ಹೊಲ. ಕಲ್ಲು ಒಡೆಯುವವರ ಹುಡುಗ, ನಿನಗಿಂತ ಒಂದೆರಡು ವರ್ಷ ದೊಡ್ಡವನು, ಆಡಿನ ಮರಿಯ ಹಿಂದೆ ಓಡಿ ಬಂದ. ಮರಿ ಅಂಚಿನಲ್ಲಿ ನಿಂತಿತು. ಹುಡುಗ ನಿಲ್ಲಲಿಲ್ಲ. ನಾನು ಲಾರಿಯ ಮೇಲಿಂದ ನೋಡುತ್ತಿದ್ದೆ. ಅವನು ಎರಡು ಹೆಜ್ಜೆ ಇಟ್ಟ. ಆ ಎರಡು ಹೆಜ್ಜೆ ಸೊಪ್ಪು ಅವನನ್ನು ತಡೆದಂತೆ ನನಗೆ ಕಂಡಿತು, ಅಥವಾ ಅವನ ವೇಗಕ್ಕೆ ಹಾಗೆ ಕಂಡಿತೋ. ಅದನ್ನು ನಾನು ಈಗಲೂ ಯೋಚಿಸುತ್ತೇನೆ. ಮೊದಲ ಹೆಜ್ಜೆಗೇ ಕುಸಿದಿದ್ದರೆ ಅಂಚನ್ನು ಹಿಡಿಯುತ್ತಿದ್ದ. ಆ ಎರಡು ಹೆಜ್ಜೆಯೇ ಅವನನ್ನು ಕೊಂದದ್ದು.

ನಾನು ಅಂಗಿಯ ಸಮೇತ ಹಾರಿದೆ. ಮೊಳಕಾಲಿನಷ್ಟು ನೀರು ಬೆಚ್ಚಗಿತ್ತು, ಅದರ ಕೆಳಗೆ ಎದೆ ಹಿಡಿಯುವಂಥ ತಣ್ಣೀರು. ಕಣ್ಣು ತೆರೆದರೆ ಕತ್ತಲು, ಮೇಲಿನ ಸೊಪ್ಪು ಬಿಸಿಲನ್ನೆಲ್ಲ ನುಂಗಿತ್ತು. ಕೈಗೆ ಸಿಕ್ಕದ್ದನ್ನು ಹಿಡಿದು ಮೇಲೆ ಬಂದೆ, ಸೊಪ್ಪಿನ ಬೇರು. ಮತ್ತೆ ಮುಳುಗಿದೆ, ಮತ್ತೆ ಬೇರು. ಮೇಲೆ ಬರುವಾಗ ನಾನು ಬಿದ್ದ ಜಾಗವೂ ಮುಚ್ಚಿಕೊಂಡಿತ್ತು, ತಲೆಯಿಂದ ಸೊಪ್ಪು ಸೀಳಿಕೊಂಡು ಉಸಿರು ತೆಗೆದುಕೊಳ್ಳಬೇಕಾಯಿತು. ಗೋಡೆಯ ಪಕ್ಕ ಈಜಾಡುತ್ತ ಹಗ್ಗಕ್ಕಾಗಿ ಕೂಗುತ್ತಿದ್ದೆ. ಲಾರಿಯ ಹಗ್ಗ ಇಳಿಬಿಟ್ಟು ನನ್ನನ್ನು ಎಳೆದರು. ಸಂಜೆ ಪಾತಾಳಗರಡಿ ತಂದು ಹುಡುಗನನ್ನು ತೆಗೆದರು.

ಅವನ ತಾಯಿ ಅಂಚಿಗೆ ಬಂದು ನಿಂತಳು. ಆಗಲೇ ಎಲ್ಲ ಮುಚ್ಚಿಕೊಂಡಿತ್ತು. "ಎಲ್ಲಿ ಬಿದ್ದ?" ಎಂದು ಕೇಳಿದಳು. ನಾನು ಕೈ ಮಾಡಿ ತೋರಿಸಿದೆ. "ಅಲ್ಲಿ ಏನೂ ಆಗಿಲ್ಲವಲ್ಲ" ಎಂದಳು. ನಾನು ಮತ್ತೆ ತೋರಿಸಿದೆ. ಅವಳು ನಂಬಲಿಲ್ಲ. ಗರಡಿ ಮೇಲೆ ಬರುವವರೆಗೂ ಅವಳು ಹಿಂದೆ ತಿರುಗಿ ಶೆಡ್ಡುಗಳ ಕಡೆ ನೋಡುತ್ತಲೇ ಇದ್ದಳು, ಅವನು ಅಲ್ಲಿಂದ ಬರುತ್ತಾನೆ ಎಂಬಂತೆ.

ನೀನು ಕಳಿಸಿದ ಫೋಟೋದಲ್ಲಿ ಮಂಜುಗಡ್ಡೆಯ ಮೇಲೆ ಹಿಮ ಬಿದ್ದು ದಂಡೆ ಯಾವುದು ಕೆರೆ ಯಾವುದು ತಿಳಿಯುವುದಿಲ್ಲ. ನಾನು ಅದನ್ನು ದೊಡ್ಡದು ಮಾಡಿ ನೋಡಿದೆ. ದಂಡೆ ಸಿಗಲಿಲ್ಲ. ಭಾನುವಾರ ನಾನು ಕೂಗಿದ್ದು ನಿನ್ನ ಮೇಲಲ್ಲ, ಭಾಗ್ಯಾ.

ಈಗ ಓದಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ. ನಿನಗೆ ಅಲ್ಲಿನವರು ಹೇಳಿರಬಹುದು, ಆದರೂ ಓದು. ಗಟ್ಟಿಯಾದ, ತಿಳಿಯಾದ ಮಂಜುಗಡ್ಡೆ ಕನಿಷ್ಠ ಹತ್ತು ಸೆಂಟಿಮೀಟರ್ ಇರಬೇಕು, ಅದೂ ಒಬ್ಬರು ನಡೆಯಲು. ಬೆಳ್ಳಗೆ ಹಾಲಿನ ಬಣ್ಣದ್ದಾದರೆ ಅಷ್ಟು ಸಾಲದು. ಹಿಮ ಮೇಲೆ ಬಿದ್ದಿದ್ದರೆ ಕೆಳಗೆ ಎಷ್ಟಿದೆ ಎಂದು ಕೊರೆದು ನೋಡದೆ ತಿಳಿಯುವುದಿಲ್ಲ. ಹಳ್ಳ ಬಂದು ಸೇರುವ ಬಾಯಿ, ನೀರು ಹೊರಹೋಗುವ ಬಾಯಿ, ಸೇತುವೆಯ ಕೆಳಗೆ, ಜೊಂಡು ಬೆಳೆದ ಕಡೆ, ಇಲ್ಲೆಲ್ಲ ತೆಳುವಾಗಿರುತ್ತದೆ. ಕೆರೆಯ ನಡುವೆ ಮೊಳದಷ್ಟು ದಪ್ಪವಿದ್ದು ಹಳ್ಳದ ಬಾಯಿಯಲ್ಲಿ ನಾಲ್ಕು ಬೆರಳು ಇರುವುದು ಸಾಧ್ಯ. ಬಿಸಿಲು ಏರಿದ ಮೇಲೆ ದಪ್ಪವನ್ನೂ ನಂಬಬೇಡ, ಒಳಗೆ ಕಡ್ಡಿಕಡ್ಡಿಯಾಗಿ ಬಿಟ್ಟುಕೊಂಡು ಬೆಳಿಗ್ಗೆ ಹೊತ್ತ ಮಂಜುಗಡ್ಡೆ ಮಧ್ಯಾಹ್ನ ಹೊರುವುದಿಲ್ಲ.

ಕುತ್ತಿಗೆಗೆ ಮಂಜುಗಡ್ಡೆಯ ಮೊಳೆಗಳನ್ನು ಹಾಕಿಕೊಳ್ಳುತ್ತಾರಂತೆ, ಹಿಡಿಕೆಯಿರುವ ಜೋಡಿ ಮೊಳೆ. ಚೀಲದಲ್ಲಿ ಇಟ್ಟರೆ ಉಪಯೋಗವಿಲ್ಲ, ಕೋಟಿನ ಒಳಗೆ ಇದ್ದರೂ ಇಲ್ಲ, ಗದ್ದದ ಕೆಳಗೆ ಹೊರಗೆ ಇರಬೇಕು. ಕೈಯಲ್ಲಿ ಉಕ್ಕಿನ ತುದಿಯ ಕೋಲು ಇರಬೇಕು, ಹೆಜ್ಜೆ ಇಡುವ ಮುಂಚೆ ಕುಟ್ಟಿ ನೋಡಬೇಕು. ಎಸೆಯುವ ಹಗ್ಗ ಬೇಕು. ನನಗೆ ಆ ದಿನ ಹಗ್ಗ ಬಂದದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಬೆನ್ನಿನ ಚೀಲದ ಸೊಂಟದ ಪಟ್ಟಿ ಕಟ್ಟಿರಬೇಕು, ಒಳಗೆ ಒಣ ಬಟ್ಟೆಯನ್ನು ನೀರು ಹೋಗದ ಚೀಲದಲ್ಲಿ ಕಟ್ಟಿ ಇಟ್ಟರೆ ಅದು ನಿನ್ನನ್ನು ತೇಲಿಸುತ್ತದೆ. ಬಿದ್ದರೆ ಮೊದಲ ಒಂದು ನಿಮಿಷ ಉಸಿರು ನಿನ್ನ ಮಾತು ಕೇಳುವುದಿಲ್ಲ, ಏದುಸಿರು ಬರುತ್ತದೆ, ಆಗ ಏನನ್ನೂ ಮಾಡಬೇಡ, ಬಾಯಿಯನ್ನು ನೀರಿನ ಮೇಲೆ ಇಟ್ಟುಕೊ. ಅದು ಇಳಿದ ಮೇಲೆ ಕೈಕಾಲುಗಳಿಗೆ ಸುಮಾರು ಹತ್ತು ನಿಮಿಷ ಶಕ್ತಿ ಇರುತ್ತದೆ. ನೀನು ನಡೆದು ಬಂದ ಕಡೆಗೇ ತಿರುಗು, ಏಕೆಂದರೆ ಅಷ್ಟು ದೂರ ಅದು ನಿನ್ನನ್ನು ಹೊತ್ತಿದೆ. ಮೊಳೆ ಚುಚ್ಚಿ, ಕಾಲು ಬಡಿದು ಮೈ ಅಡ್ಡ ಮಾಡಿಕೊಂಡು ಮೇಲೆ ಬಾ. ಮೇಲೆ ಬಂದ ಮೇಲೆ ಎದ್ದು ನಿಲ್ಲಬೇಡ, ಉರುಳಿಕೊಂಡು ದೂರ ಹೋಗು.

ಒಬ್ಬಳೇ ಹೋಗಬೇಡ. ಗೆಳೆಯರು ಕರೆದರೆಂದು ಹೋಗಬೇಡ, ಆ ಕೆರೆಯನ್ನು ಬಲ್ಲ ಸ್ಥಳೀಯರು ಒಬ್ಬರಾದರೂ ಇರಲಿ. ನಾಚಿಕೆ ಬಿಟ್ಟು ಕೇಳು. ಕೇಳುವವಳನ್ನು ಹೆದರುಪುಕ್ಕಿ ಎಂದವರ ಜೊತೆ ಗೆಳೆತನ ಏಕೆ? ಈಗಿನ ಮಕ್ಕಳಿಗೆ ಫೋಟೋ ಮುಖ್ಯವಾಗಿದೆ, ಬೇರೆಯವರು ಮಾಡಿದ್ದನ್ನು ತಾವೂ ಮಾಡಬೇಕು ಎಂಬ ಹಟ ಇದೆ. ಕಾಲೇಜಿನಲ್ಲಿಯೂ ನೀನು ಹಾಗೆಯೇ ಬಾದಾಮಿಯ ಗುಡ್ಡ ಹತ್ತಲು ಹೋಗಿ ಕಾಲು ಉಳುಕಿಸಿಕೊಂಡಿದ್ದೆ. ರಾತ್ರಿ ಸರಿಯಾಗಿ ಉಣ್ಣುವುದಿಲ್ಲ, ಬ್ರೆಡ್ ತಿಂದು ಮಲಗುತ್ತೀ, ಹೊಟ್ಟೆಯಲ್ಲಿ ಏನೂ ಇಲ್ಲದೆ ಚಳಿ ತಡೆಯುವುದು ಹೇಗೆ? ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದು ಇನ್ನೂ ಇದೆಯೋ ಅಥವಾ ಹಂಚಿಬಿಟ್ಟೆಯೋ? ನಾನು ಇದನ್ನೆಲ್ಲ ಬರೆಯಬಾರದೆಂದು ಕುಳಿತಿದ್ದೆ. ಬಸು ಓದಿ "ಅಪ್ಪಾ, ಇದು ಬೇಡ" ಎಂದ. ಇರಲಿ ಎಂದೆ.

ಇನ್ನೊಂದು ಮಾತು ಇದೆ, ಇದು ಬರೆಯಲು ಕಷ್ಟ. ಆ ಹುಡುಗನ ನಂತರ ನಾನು ನಿನ್ನನ್ನು ನೀರಿನ ಹತ್ತಿರ ಬಿಡಲಿಲ್ಲ. ಕೂಡಲಸಂಗಮಕ್ಕೆ ಹೋದಾಗಲೂ ಕೈ ಬಿಡುತ್ತಿರಲಿಲ್ಲ. ಸೋದರಮಾವ ಬಾವಿಯಲ್ಲಿ ಈಜು ಕಲಿಸುತ್ತೇನೆಂದು ಸೋರೆ ಬುರುಡೆ ತಂದಾಗ ಅದನ್ನು ನಾನೇ ಹಿತ್ತಲಿಗೆ ಎಸೆದೆ. ಬಸು ಕಲಿತ, ನೀನು ಕಲಿಯಲಿಲ್ಲ. ನಿನ್ನನ್ನು ಕಾಯುತ್ತೇನೆ ಎಂದುಕೊಂಡೆ. ಇಂದು ನೀನು ಈಜು ಬಾರದೆ ಕೆರೆಯ ಮೇಲೆ ನಡೆಯಲು ಹೊರಟಿದ್ದೀ, ಅದು ನನ್ನಿಂದ. ಇದಕ್ಕಾಗಿ ನನ್ನ ಮೇಲೆ ಕೋಪ ಮಾಡಿಕೊ, ಮಾಡಿಕೊಳ್ಳಬೇಕು. ಆದರೆ ಮಾರ್ಚಿನ ಮೊದಲು ನೀನಿರುವ ಲುಂಡ್‌ನಲ್ಲಿ ಈಜುಕೊಳಕ್ಕೆ ಹೆಸರು ಹಚ್ಚು. ಎಷ್ಟು ದುಡ್ಡಾಗುತ್ತದೆಂದು ಹೇಳಿದರೆ ಬಸುವಿನ ಕಡೆಯಿಂದ ಕಳಿಸುತ್ತೇನೆ. ಕೆಲವೇ ವಾರಗಳಲ್ಲಿ ಏನು ಬಂದೀತು ಎನ್ನಬೇಡ. ನೀರಿನಲ್ಲಿ ಮುಖ ಮುಳುಗಿಸಿ ಉಸಿರು ಹಿಡಿಯುವುದಾದರೂ ಬರುತ್ತದೆ, ಮೈ ತೇಲಿಸುವುದು ಬರುತ್ತದೆ.

ಹೋಗಬೇಡ ಎಂದು ನಾನು ಬರೆಯುತ್ತಿಲ್ಲ, ಗಮನಿಸು. ಭಾನುವಾರ ಅಂದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹೋಗು. ಆ ಕೋಲನ್ನು ಕುಟ್ಟಿ ಕುಟ್ಟಿ ಹೋಗು.

ಬ್ರುನ್‌ಫ್ಲೋದಲ್ಲಿ ಕಲ್ಲಿನ ಕೆಲಸದವರು ಯಾರಾದರೂ ಸಿಕ್ಕರೆ ನನ್ನ ಪರವಾಗಿ ಎರಡು ವಿಷಯ ಕೇಳಿಕೊಂಡು ಬಾ. ಸುಣ್ಣಕಲ್ಲು ಕೊಯ್ಯುವಾಗ ಬ್ಲೇಡಿಗೆ ಎಷ್ಟು ನೀರು ಬಿಡುತ್ತಾರೆ, ಮತ್ತು ಚಳಿಗಾಲದಲ್ಲಿ ಆ ನೀರು ಪೈಪಿನಲ್ಲಿ ಹೆಪ್ಪುಗಟ್ಟಿದರೆ ಕೆಲಸ ನಿಲ್ಲಿಸುತ್ತಾರೋ ಇಲ್ಲ ಬೇರೆ ಉಪಾಯ ಇದೆಯೋ. ಇಲ್ಲಿ ನಮಗೆ ಬೇಸಿಗೆಯಲ್ಲಿ ನೀರೇ ಸಾಲುವುದಿಲ್ಲ, ಮಡ್ಡಿ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ ತಿಳಿಯಾಗಿಸಿ ಮತ್ತೆ ಬಿಡುತ್ತೇವೆ. ಅವರೂ ಹಾಗೆ ಮಾಡಿದರೆ ಎಷ್ಟು ತೊಟ್ಟಿ ಇಟ್ಟಿದ್ದಾರೆಂದು ಎಣಿಸಿಕೊಂಡು ಬಾ, ಸಾಧ್ಯವಾದರೆ ಚಿತ್ರ ಬರೆದು ಕಳಿಸು.

ಆಯಿಗೆ ಬರುವ ಬುಧವಾರ ಬಾಗಲಕೋಟೆಯಲ್ಲಿ ಕಣ್ಣಿನ ಆಪರೇಷನ್. ಪೊರೆ ಬಂದಿದೆ, ದೊಡ್ಡದೇನೂ ಅಲ್ಲ, ಸಂಜೆಗೆ ಮನೆಗೆ ಕಳಿಸುತ್ತಾರೆ. ಅವಳಿಗೆ ನಿನ್ನ ದನಿ ಕೇಳಬೇಕಾಗಿದೆ. ನಿಮ್ಮ ಕಡೆ ಮಧ್ಯಾಹ್ನ ಮೂರು ಗಂಟೆಗೆ ಮಾಡಿದರೆ ಇಲ್ಲಿ ಏಳೂವರೆ, ಆ ಹೊತ್ತಿಗೆ ಮನೆ ಮುಟ್ಟಿರುತ್ತೇವೆ. ಬಸುವಿನ ನಂಬರಿಗೆ ಬೇಡ, ನನ್ನ ನಂಬರಿಗೆ ಮಾಡು.

ನಿನ್ನ ಅಪ್ಪ